ಕಾಲರಿನೊಳಗಿನ ಗಂಟು

ಫೆಬ್ರವರಿ 4, ಮಂಗಳವಾರ, ಸಂಜೆ 4.10

ಇಪ್ಪತ್ತೆರಡು ಅಂಗಿ, ಏಳು ಪ್ಯಾಂಟು, ಒಂದು ಪರದೆ. ಎಲ್ಲಕ್ಕೂ ನಂಬರಿನ ಟ್ಯಾಗು ಹೊಲಿದಾಯಿತು. ಅಮ್ಮ ಒಳಗೆ ಸ್ಟೀಮ್ ಪ್ರೆಸ್ ಮುಂದೆ, ಕೌಂಟರಿನಲ್ಲಿ ನಾನು. ನಮ್ಮ ಹಾಡಿನ ತಂಡದ ಉದ್ದ ಸತ್ತು ಮೂರು ದಿನ. ಲಾಂಡ್ರಿಗೆ ಸೂತಕವಿಲ್ಲ.

ಹೆಡ್‌ಮಾಸ್ಟರು ಇವತ್ತು ಮೈಕಿನಲ್ಲಿ "ಆಕಸ್ಮಿಕ" ಎಂದರು. ಆಕಸ್ಮಿಕವಂತೆ! ಶನಿವಾರ ಸರಿಯಾಗಿ ಐದು ಗಂಟೆಗೆ, ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ, ಆರಡಿ ಹುಡುಗ ನಿಂತಲ್ಲೇ ಕುಸಿದ. ಆ ಗಿರಾಕಿ ಮುದುಕಿ ಹೇಳಿದ ದಿನ. ಹೇಳಿದ ಗಂಟೆ.

ಗಿರಾಕಿಯ ಬಟ್ಟೆ ಮೈಗೆ ತಾಗಿಸಬಾರದು. ಈ ಅಂಗಡಿಯಲ್ಲಿ ನಾನು ಕಲಿತ ಮೊದಲ ಪಾಠ. ಆದರೂ ಮುದುಕಿ ಒಗೆಯಲು ಕೊಟ್ಟಿದ್ದ ನಾಲ್ಕು ಕರಿ ಕೋಟನ್ನು ಹಾಡಿನ ತಂಡದ ಫೋಟೊಗೆಂದು ಹೊರತೆಗೆದೆ. ತಂಡವೆಂದರೆ ಉದ್ದ, ಗುಂಡ, ಗೂಬೆ, ನಾನು. ಎರಡೇ ಗಂಟೆ ಹಾಕಿಕೊಂಡು, ವಾಪಸ್ ತಂದು ತೂಗುಹಾಕಿದೆ. ಮುದುಕಿ ತೆಗೆದುಕೊಂಡು ಹೋಗಲು ಬಂದಳು. ಕಣ್ಣು ಕಾಣುವುದಿಲ್ಲ, ಮೂಗು ಚುರುಕು. ಮೂಸಿ ನೋಡಿದಳು.

"ಸತ್ತೋರ ಬಟ್ಟೆ ಹಾಕ್ಕೊಂಡ್ರಾ? ನನ್ನ ನಾಲ್ಕು ಮಕ್ಕಳೂ ವಾರಕ್ಕೊಬ್ಬರಂತೆ ಶನಿವಾರ ಐದಕ್ಕೇ ಹೋದ್ರು. ದೊಡ್ಡವನಿಂದ ಶುರು. ನೀವೂ ಹಂಗೇ ಹೋಗ್ರಿ."

ಕೋಟು ಬಿಟ್ಟು ನಡೆದಳು. ನಾವು ನಕ್ಕಿದ್ದೆವು. ಎಲ್ಲರಿಗಿಂತ ಜೋರಾಗಿ ಉದ್ದ. ಅಮ್ಮನಿಗೆ ಇನ್ನೂ ಏನೂ ಗೊತ್ತಿಲ್ಲ.

ಫೆಬ್ರವರಿ 6, ಗುರುವಾರ

ಮೂವರೂ ಮುದುಕಿಯ ಕೋಣೆಗೆ ಹೋದೆವು. ಒಂದು ಮಂಚ, ಗೋಡೆಯಲ್ಲಿ ಸಾಲಾಗಿ ನಾಲ್ಕು ಗೂಟ. ಗುಂಡ ಅವಳ ಕಾಲು ಹಿಡಿದು ಅತ್ತ. ನನಗೆ ಅವನ ಮೇಲೇ ಸಿಟ್ಟು ಬಂತು.

"ದಾರಿ ಒಂದೈತೆ," ಎಂದಳು ಕೊನೆಗೆ. "ಯಾರ ಸರದಿನೋ ಅವರೇ, ಆ ಶನಿವಾರವೇ, ಐದರೊಳಗೆ, ತಾವು ಹಾಕ್ಕೊಂಡ ಕೋಟು ತಂದು, ಅದು ನನ್ನ ಯಾವ ಮಗನದೋ ಅವನ ಗೂಟಕ್ಕೆ ಹಾಕ್ಬೇಕು. ಕೋಟು ಬೀಳದೆ ನಿಂತ್ರೆ ಎಲ್ಲಾ ಅಲ್ಲಿಗೇ ಮುಗೀತು. ಬೇರೆಯವನ ಕೋಟಾದ್ರೆ ಗೂಟ ಹಿಡಿಯಲ್ಲ."

"ಯಾವ ಕೋಟು ಯಾವ ಮಗನದು ಅಂತ ಹೇಗೆ ಗೊತ್ತಾಗ್ಬೇಕು?" ಎಂದಳು ಗೂಬೆ.

"ದೊಡ್ಡವನಿಂದ ಸಾಲಾಗಿ ಕೊಟ್ಟಿದ್ದೆ. ನಿಮ್ಮ ಅಂಗಡಿ ಟ್ಯಾಗನ್ನೇ ಕೇಳು."

ಯಾರು ಯಾವ ಕೋಟು ಹಾಕಿದ್ದೆವೆಂದು ಜೇಬಿನಲ್ಲೇ ಉಳಿದಿದ್ದ ನಮ್ಮ ಹೆಸರಿನ ಹಾಡಿನ ಚೀಟಿಗಳಿಂದ ಗೊತ್ತಿತ್ತು. ಟ್ಯಾಗು 41, ಉದ್ದ. 42, ಗೂಬೆ. 43, ಗುಂಡ. 44, ನಾನು. ಅಂದರೆ ಈ ಶನಿವಾರ ಗೂಬೆ.

ದಾರಿಯುದ್ದಕ್ಕೂ ಜಗಳ. "ಎಲ್ಲಾ ಇವಳಿಂದ್ಲೇ. ಕೋಟಿನ ಬೀರು ತೆಗೆದವಳು ಇವಳು," ಎಂದು ಗುಂಡನಿಗೆ ನನ್ನನ್ನು ತೋರಿಸಿದಳು ಗೂಬೆ. ಹಾಕಿಕೊಂಡು ಕನ್ನಡಿ ಮುಂದೆ ಕುಣಿದವಳು ಯಾರೋ? ಆಡುವವರ ಬಾಯಿಗೆ ಬೀಗ ಹಾಕಲಾದೀತೇ?

ಫೆಬ್ರವರಿ 8, ಶನಿವಾರ

ಗುಂಡ.

ಫೆಬ್ರವರಿ 11, ಮಂಗಳವಾರ

ಈಗ ಬರೆಯಲು ಕೈ ಬಂತು. ಶನಿವಾರ ಮುದುಕಿಯ ಕೋಣೆಯಲ್ಲಿ ಗೂಬೆ ಎರಡನೇ ಗೂಟಕ್ಕೆ ತನ್ನ ಕೋಟು ಹಾಕಿದಳು. ಜಾರಿತು. ಮತ್ತೆ ಹಾಕಿದಳು. ಯಾರೋ ಗೋಡೆಯ ಆ ಕಡೆಯಿಂದ ತಳ್ಳಿದ ಹಾಗೆ ಬಿತ್ತು. ಬೇರೆ ಕೋಟು ತಂದಿರಲಿಲ್ಲ, ಟ್ಯಾಗಿನ ಮೇಲೆ ಅಷ್ಟು ನಂಬಿಕೆ. ಐದು ಹೊಡೆಯಿತು. ಗೂಬೆಗೆ ಏನೂ ಆಗಲಿಲ್ಲ. ಬಾಗಿಲ ಬಳಿ ಕಾವಲು ನಿಂತಿದ್ದ ಗುಂಡ ಕುಸಿದ.

ಅವನ ಅಕ್ಕ ಎಲ್ಲರೆದುರು ನನ್ನ ಕೆನ್ನೆಗೆ ಹೊಡೆದಳು. "ನಿಮ್ಮ ಜೊತೆ ಹೋದವನು ಯಾಕೆ ನಿಮ್ಮ ಜೊತೆ ಬರಲಿಲ್ಲ?" ಗೂಬೆ ನಿಂತು ನೋಡಿದಳು. ತಡೆಯಲಿಲ್ಲ.

ಫೆಬ್ರವರಿ 12, ಬುಧವಾರ, ಸಂಜೆ 5.30

ಒಂದೇ ಥರದ ಆರು ಬಿಳಿ ಡಾಕ್ಟರ್ ಕೋಟು ಬಂದವು. ಅಮ್ಮ ಕಾಲರಿನ ಒಳಗೆ ದಾರದ ಗಂಟು ಹಾಕುತ್ತಿದ್ದಳು. ಯಾಕೆಂದು ಕೇಳಿದೆ.

"ಟ್ಯಾಗು ಕಿತ್ತು ಹೋಗುತ್ತೆ, ಗಂಟು ಹೋಗಲ್ಲ. ಮೊದಲನೇದಕ್ಕೆ ಒಂದು, ಎರಡನೇದಕ್ಕೆ ಎರಡು. ಇಷ್ಟು ವರ್ಷ ಇಲ್ಲಿ ಕೂತು ನೊಣ ಹೊಡೀತಿದ್ಯಾ?"

ಫೋಟೊದಲ್ಲಿ ಕಾಣಬಾರದೆಂದು ಆ ಟ್ಯಾಗುಗಳನ್ನು ಬಿಚ್ಚಿದ್ದು ನಾನು. ಅಮ್ಮ ಬರುವುದರೊಳಗೆ ಅವಸರದಲ್ಲಿ ವಾಪಸ್ ಹೊಲಿದಿದ್ದೂ ನಾನು. ಉದ್ದನದು ದೊಡ್ಡ ಸೈಜು, ತಪ್ಪಲಿಲ್ಲ. ಉಳಿದ ಮೂರೂ ಒಂದೇ ಥರ. ಕೈಗೆ ಸಿಕ್ಕಿದ್ದನ್ನು ಸಿಕ್ಕಿದ್ದಕ್ಕೆ ಹೊಲಿದೆ.

ಆ ಕೋಟುಗಳನ್ನು ಅಟ್ಟದಿಂದ ಇಳಿಸಿ ಕಾಲರಿನ ಒಳಗೆ ಮುಟ್ಟಿ ನೋಡಿದೆ. ಗುಂಡನ ಕೋಟಿಗೆ ಎರಡು ಗಂಟು. ನನ್ನದಕ್ಕೆ ಮೂರು. ಗೂಬೆಯದಕ್ಕೆ ನಾಲ್ಕು.

ಗುಂಡನನ್ನು ಕೊಂದದ್ದು ಮುದುಕಿಯಲ್ಲ.

ಈ ಶನಿವಾರ ನನ್ನ ಸರದಿ. ಒಬ್ಬಳೇ ಹೋಗಿ ಮೂರನೇ ಗೂಟಕ್ಕೆ ಹಾಕಿ ಬರುತ್ತೇನೆ. ಗೂಬೆಯೂ ಉಳಿಯುತ್ತಾಳೆ. ಯಾರಿಗೂ ಏನೂ ಹೇಳಬೇಕಿಲ್ಲ.

ಫೆಬ್ರವರಿ 13, ಗುರುವಾರ

ಗೂಬೆ ಅಂಗಡಿಗೆ ಬಂದಳು. ಕನ್ನಡಕದ ಹಿಂದೆ ಕಣ್ಣು ಊದಿತ್ತು.

"ಒಂದೇ ಮಾತು ಕೇಳ್ತೀನಿ. ಟ್ಯಾಗ್ ಮುಟ್ಟಿದ್ಯಾ?"

"ಇಲ್ಲ."

"ಅಮ್ಮನಾಣೆ?"

ಒಳಗೆ ಪ್ರೆಸ್ ಬುಸ್ ಎನ್ನುತ್ತಿತ್ತು. "ಅಮ್ಮನಾಣೆಗೂ ಇಲ್ಲ."

"ಹಾಗಾದ್ರೆ ಮುದುಕಿನೇ ಸುಳ್ಳಿ," ಎಂದಳು. "ಸರದಿನೂ ಸುಳ್ಳು, ಗೂಟನೂ ಸುಳ್ಳು." ಹೊರಟುಹೋದಳು. ಗೆದ್ದೆ ಅನ್ನಿಸಿತು. ಥೂ ನನ್ನ.

ಫೆಬ್ರವರಿ 15, ಶನಿವಾರ, ಮಧ್ಯಾಹ್ನ 3.50

ಅಟ್ಟ ಖಾಲಿ.

ಅಮ್ಮ ಹೇಳಿದಳು, "ನಿನ್ನೆ ನೀನು ಡೆಲಿವರಿಗೆ ಹೋದಾಗ ಆ ಕನ್ನಡಕದ ಹುಡುಗಿ ಬಂದು ತಗೊಂಡು ಹೋದ್ಲು. ಮುದುಕಿಗೆ ಕೊಡ್ತೀನಂದ್ಲು."

ಗೂಬೆಯ ಮನೆಗೆ ಓಡಿದೆ. ಹಿತ್ತಲಲ್ಲಿ ಡ್ರಮ್ಮು. ತಳದಲ್ಲಿ ಬೂದಿ, ನಾಲ್ಕೈದು ಗುಂಡಿ.

"ನಾಲ್ಕನ್ನೂ ಸುಟ್ಟೆ," ಎಂದಳು. "ಕೋಟೇ ಇಲ್ದಿದ್ರೆ ಶಾಪ ಎಲ್ಲಿಂದ ಬರುತ್ತೆ? ನಿನಗೋಸ್ಕರನೂ ಮಾಡ್ದೆ ಕಣೇ. ನಿನ್ನ ಮೇಲೆ ಸುಮ್ಮನೆ ಅನುಮಾನಪಟ್ಟೆ. ಸಾರಿ."

ನಾನು ಬೂದಿಯಿಂದ ಒಂದು ಗುಂಡಿ ಹೆಕ್ಕಿ ಜೇಬಿಗೆ ಹಾಕಿಕೊಂಡೆ.

4.40

ಅಂಗಡಿ. ಕೋಟೇ ಇಲ್ಲದೆ ಗೂಟದ ಹತ್ತಿರ ಹೋಗಿ ಏನು ಮಾಡಲಿ? ಗೂಬೆ ನನ್ನ ಪಕ್ಕ ಸ್ಟೂಲಿನ ಮೇಲೆ. "ಐದಾಗೋ ತನಕ ಇರ್ತೀನಿ, ಆಮೇಲೆ ಇಬ್ಬರೂ ನಗೋಣ," ಎಂದಳು. ನನ್ನ ಎಡಗೈ ಹಿಡಿದಿದ್ದಾಳೆ. ಬಲಗೈ ಬರೆಯುತ್ತಿದೆ. ಏನು ಬರೀತಿದ್ದೀಯ ಎಂದಳು. ಲೆಕ್ಕ, ಎಂದೆ. ಇನ್ನೂ ಸುಳ್ಳೇ.

ಭಯವಾಗುತ್ತಿದೆ. ಅಮ್ಮನನ್ನು ಕರೆಯಬೇಕು ಅನ್ನಿಸುತ್ತಿದೆ. ಯಾವ ಮುಖ ಇಟ್ಟುಕೊಂಡು ಕರೆಯಲಿ? ಅವಳ ಮೇಲೆ ಸುಳ್ಳು ಆಣೆ ಇಟ್ಟವಳು ನಾನು.

4.57

ಹೇಳಲು ಬಾಯಿ ಬರುತ್ತಿಲ್ಲ. ಪುಸ್ತಕ ಅವಳ ಕಡೆ ತಿರುಗಿಸಿ ಬರೆಯುತ್ತಿದ್ದೇನೆ.

ಗೂಬೆ, ಓದು. ಮುದುಕಿ ಸುಳ್ಳು ಹೇಳಲಿಲ್ಲ. ಇವತ್ತು ನಂದು. ಮುಂದಿನ ಶನಿವಾರ ನಿಂದು. ಈಗಲೇ ಅವಳ ಹತ್ತಿರ ಹೋಗು, ಕಾಲಿಗೆ ಬೀಳು, ಬೇರೆ ದಾರಿ ಕೇಳು. ಕೈ ಬಿಡಬೇಡ, ಇಲ್ಲ, ಬಿಡು, ಹೋಗು. ಗುಂಡನ ಅಕ್ಕನಿಗೂ ಹೇಳು. ಟ್ಯಾಗು ಅದಲುಬದಲು ಮಾಡಿದ್ದು