ತೀರ್ಥವೆಂದು ತಿಳಿದ ಚಿತ್ರ

ಗುಬ್ಬಿ
೧೪-೧೨-೧೯೯೮

ಚಿ. ಸೌ. ಶಾಂತಲಾಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದ.

ನಾವಿಲ್ಲಿ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ತಡವಾಯಿತು, ಬೈಯಬೇಡ. ಎರಡು ಕಾಗದ ಹರಿದು ಹಾಕಿ ಇದು ಮೂರನೆಯದು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಬರವಣಿಗೆ, ಹೊಂದಿಸಿಕೊಂಡು ಓದು. ಕುಣಿಗಲ್ಲಿನಲ್ಲಿ ನಿನಗೆ ರಜೆ ಸಿಗುವುದಿಲ್ಲ, ಗೊತ್ತು. ಆದರೂ ಬಾ.

ನಮ್ಮಲ್ಲಿದ್ದು ಓದುವ ನಿನ್ನ ಮಗಳು ನಂದಿತಾಳ ಹೈಸ್ಕೂಲಿಗೆ ವನಜಾಕ್ಷಿ ಅಂತ ಮೇಡಂ ಬಂದಿದ್ದಾರೆ. ಅಮೆರಿಕದ ಕರಿಯರ ಸಂಸಾರದ ಕಾದಂಬರಿಯೊಂದನ್ನು ಮಕ್ಕಳಿಗೆ ಓದಿ ಹೇಳಿದರಂತೆ. ಬಿಳಿಯರ ಮನೆಯಲ್ಲಿ ಮೂರು ತಲೆಮಾರು ಅಡುಗೆ ಮಾಡಿ, ಹಿತ್ತಲ ಮೆಟ್ಟಿಲ ಮೇಲೆ ಕೂತು ಉಣ್ಣುವವರ ಕತೆ. ಕೊನೆಗೆ, 'ಸಾರಾಂಶ ಬರೀಬೇಡಿ. ಈ ಕತೆ ನಿಮ್ಮನೇಲಿ ಎಲ್ಲಿದೆ ಅಂತ ಚಿತ್ರ ಬಿಡಿಸಿ' ಅಂದರಂತೆ.

ಆ ಚಿತ್ರಗಳನ್ನು ತುಮಕೂರಿನಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ಪಾಠದ ವಿಷಯ ನನಗೆ ಆಗ ತಿಳಿಯದು. ಪಕ್ಕದ ಮನೆ ವೀರಭದ್ರಯ್ಯನನ್ನೂ ಕರೆದುಕೊಂಡು ಹೋದೆ. ನಂದಿತಾ ಬರೆದದ್ದರಲ್ಲಿ ಮುಖವಿಲ್ಲ. ಮೇಲೊಂದು ಕೈ, ಚೊಂಬಿನಿಂದ ಬೀಳುವ ನೀರು, ಕೆಳಗೆ ಬೊಗಸೆ. ಕೈಯಲ್ಲಿ ನನ್ನದೇ ಹಸಿರು ಕಲ್ಲಿನ ಉಂಗುರ. ನನ್ನ ಎದೆ ಉಬ್ಬಿತು. 'ನೋಡ್ಲಾ ಈರಭದ್ರ, ದೇವರಾಯನದುರ್ಗದಲ್ಲಿ ತೀರ್ಥ ಕೊಡೋ ಹಂಗೆ ನನ್ ಕೈ ಬರ್ದವ್ಳೆ' ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಿದೆ.

ಅವಳ ಕ್ಲಾಸಿನ ಹುಡುಗಿಯೊಬ್ಬಳು, 'ತೀರ್ಥ ಅಲ್ಲ ತಾತ. ನಿಮ್ ತೋಟದಲ್ಲಿ ಕಾಯಿ ಕೀಳೋ ಚಿಕ್ಕಮಾರಯ್ಯಂಗೆ ನೀರು ಹುಯ್ಯೋದು. ಅವ್ರು ಲೋಟ ಮುಟ್ಟಂಗಿಲ್ವಂತಲ್ಲ' ಅಂದಳು.

ವೀರಭದ್ರಯ್ಯ ನೆಲ ನೋಡಿದ. ನಾನು ಚಿತ್ರವನ್ನು ಗೋಡೆಯಿಂದ ಕಿತ್ತು ಹರಿದೆ. ನಂದಿತಾ ಕೂತು ಚೂರುಗಳನ್ನು ಆರಿಸಿಕೊಂಡಳು.

ಅವತ್ತಿಗೆ ಇವತ್ತಿಗೆ ಆರು ದಿನ. ಅವಳು ಮನೆಯೊಳಗೆ ನೀರು ಮುಟ್ಟಿಲ್ಲ. ಕೊಟ್ಟಿಗೆ ಮುಂದೆ ಬಗ್ಗಿ ನಿಂತು ಬೊಗಸೆ ಒಡ್ಡುತ್ತಾಳೆ. ನಿನ್ನ ತಾಯಿ ಲೋಟ ಹಿಡಿದು ಅತ್ತರೂ ಒಲ್ಲಳು, ನಾನೇ ಹುಯ್ಯಬೇಕು. ಬೈದೆ. ಒಂದೇಟು ಹೊಡೆದೂಬಿಟ್ಟೆ. 'ಚಿಕ್ಕಮಾರಯ್ಯಂಗೆ ಲೋಟ ಕೊಡೋವರ್ಗೂ ನಂಗೂ ಹಿಂಗೇ' ಅಂದಳು. ಬಾಯಾರಿದ ಮಗುವಿಗೆ ಹುಯ್ಯದೆ ಇರಲಾದೀತೇ? ಹುಯ್ಯುವಾಗ ನನ್ನ ಮುಖವನ್ನೇ ನೋಡುತ್ತಾಳೆ. ಚಿಕ್ಕಮಾರಯ್ಯ ಮೂವತ್ತು ವರ್ಷದಲ್ಲಿ ಒಂದು ಸಲವೂ ಹಾಗೆ ನೋಡಿರಲಿಲ್ಲ.

ನನಗೆ ಅನ್ನ ಇಳಿಯುತ್ತಿಲ್ಲ. ಬಂದು ಅವಳಿಗೆ ಬುದ್ಧಿ ಹೇಳು. ಇಲ್ಲ ನನಗಾದರೂ ಹೇಳು. ಆದರೆ ಅವಳನ್ನು ಕುಣಿಗಲ್ಲಿಗೆ ಕರೆದುಕೊಂಡು ಹೋಗುವ ಮಾತಾಡಬೇಡ, ನಿನಗೆ ಕೈ ಮುಗಿಯುತ್ತೇನೆ.

ನೀನೂ ಅಳಿಯಂದಿರೂ ನೂರು ಕಾಲ ತಣ್ಣಗಿರಿ.

ನಿನ್ನ ಅಪ್ಪ
ಲಕ್ಷ್ಮೀನರಸಿಂಹಯ್ಯ

ಮತ್ತೆ: ಇವತ್ತು ಚಿಕ್ಕಮಾರಯ್ಯ ಬಂದಾಗ, ನಂದಿತಾ ಬಾಗಿಲಲ್ಲಿರುವುದನ್ನು ನೋಡಿಕೊಂಡು, ಅವನಿಗೆ ಲೋಟದಲ್ಲೇ ನೀರು ಕೊಡಹೋದೆ. ಅವನು ಕೈ ಚಾಚಲಿಲ್ಲ. 'ಇದು ನನ್ ಬಾಯಾರ್ಕೆಗಾ ಅಯ್ಯ, ಮಗೀನ ಹಟಕ್ಕಾ?' ಅಂದ. ಅವನು ಕುಡಿಯದೆ ಮರ ಹತ್ತಿದ. ನಂದಿತಾ ಒಳಗೆ ಹೋಗಿ ಬಟ್ಟೆ ಚೀಲಕ್ಕೆ ತುಂಬಿಕೊಂಡಳು. ಈ ಕಾಗದವನ್ನು ಅವಳ ಕೈಯಲ್ಲೇ ಕೊಟ್ಟು ಕುಣಿಗಲ್ಲಿನ ಬಸ್ಸು ಹತ್ತಿಸುತ್ತಿದ್ದೇನೆ.