ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಕೂತ ಪೊರೆ

ಹಲ್ಲಿನ ಆಸ್ಪತ್ರೆಯ ಉಗ್ರಾಣಕ್ಕೆ ಒಡೆಯರಾದ ಮಾನ್ಯರೇ,

ನನ್ನ ಮೇಲ್ದವಡೆಯ ಮುಂದಿನ ಹಲ್ಲಿನ ಬುಡದ ಮೂಳೆಯಲ್ಲಿರುವ ತೂತು ಆರು ತಿಂಗಳಾದರೂ ತುಂಬಿಲ್ಲ. ಅದಕ್ಕೆ ಕಾರಣ ಹಲ್ಲೂ ಅಲ್ಲ, ಡಾಕ್ಟರೂ ಅಲ್ಲ, ನೀವು. ಸುತ್ತಿಬಳಸಿ ಹೇಳುವಷ್ಟು ಓದು ನನಗಿಲ್ಲ. ನಾಲ್ಕನೇ ತರಗತಿಗೇ ಸ್ಲೇಟು ಕೆಳಗಿಟ್ಟವಳು.

ಆ ಹಲ್ಲಿಗೆ ಎರಡು ಸಲ ರೂಟ್ ಕೆನಾಲ್ ಆಗಿತ್ತು. ಆದರೂ ಬೇರಿನ ತುದಿಯಲ್ಲಿ ಕೀವು. ಕಿತ್ತುಹಾಕಿ ಅಂದೆ. ನನ್ನ ಮೊಮ್ಮಗಳ ವಯಸ್ಸಿನ ಡಾಕ್ಟರಮ್ಮ ಕೇಳಲಿಲ್ಲ. “ಸುಮ್ನಿರಜ್ಜಿ, ಬೇರು ಗಟ್ಟಿಯಾಗಿದೆ. ಒಸಡು ಬಿಡಿಸಿ ತುದಿ ಮಾತ್ರ ಕತ್ತರಿಸ್ತೀನಿ. ನಿಮ್ಮ ಹಲ್ಲು ನಿಮ್ಮಲ್ಲೇ ಇರುತ್ತೆ.” ನಮ್ಮ ಯಜಮಾನರಿಗೆ ಕಣ್ಣು ಕಾಣದು, ದಿನವೂ ಪೇಪರನ್ನು ಗಟ್ಟಿಯಾಗಿ ಓದಿ ಹೇಳುವುದು ನಾನೇ. ಮುಂದಿನ ಹಲ್ಲು ಹೋದರೆ ಅರ್ಧ ಸುದ್ದಿ ಸೀಟಿಯಾಗಿ ಹೋಗುತ್ತದೆ. ಒಪ್ಪಿದೆ.

ಒಸಡು ಬಿಡಿಸಿ ನೋಡಿದರೆ ಮೂಳೆಯ ತೂತು ಅಂಗುಳಿನ ಕಡೆಗೂ ಹಾದುಹೋಗಿದೆ. ಎಕ್ಸ್‌ರೇಯಲ್ಲಿ ಅದು ಪೂರ್ತಿ ಕಂಡಿರಲಿಲ್ಲ. ಸಣ್ಣ ತೂತಾದರೆ ತಾನಾಗಿ ತುಂಬುತ್ತದಂತೆ. ಇಂಥದ್ದಕ್ಕೆ ಮೂಳೆಪುಡಿ ತುಂಬಿ, ಮೇಲೊಂದು ತೆಳ್ಳನೆಯ ಪೊರೆ ಹೊದಿಸಬೇಕಂತೆ. ಯಾಕೆಂದರೆ ಒಸಡಿನ ಮಾಂಸ ಬೆಳೆಯುವುದು ಕಳೆಯ ಹಾಗೆ, ಸರಸರ. ಮೂಳೆ ಬೆಳೆಯುವುದು ನಿಧಾನ. ಅಡ್ಡಕ್ಕೆ ಪೊರೆ ಇಲ್ಲದಿದ್ದರೆ ಮೂಳೆಯ ಜಾಗದಲ್ಲಿ ಮಾಂಸವೇ ಬಂದು ಕೂತುಬಿಡುತ್ತದೆ. ನನಗೇ ಅರ್ಥವಾದದ್ದು ನಿಮಗೆ ಆಗದೇ?

ಪುಡಿಯೂ ಪೊರೆಯೂ ಎಲ್ಲಿದ್ದವು? ಹನ್ನೆರಡು ಹೆಜ್ಜೆ ದೂರದ ಉಗ್ರಾಣದ ಬೀರುವಿನಲ್ಲಿ. ಆದರೆ ನಿಮ್ಮ ಸುತ್ತೋಲೆಯ ಪ್ರಕಾರ ತೂತಿನ ಅಳತೆಯನ್ನು ಮೂರು ದಿನ ಮೊದಲೇ ಬರೆದುಕೊಟ್ಟು ನಿಮ್ಮ ಸಹಿ ಪಡೆಯಬೇಕು. ಡಾಕ್ಟರಮ್ಮ ಎಕ್ಸ್‌ರೇ ನೋಡಿ ಅರ್ಜಿಯಲ್ಲಿ ‘ಚಿಕ್ಕದು’ ಎಂದು ಬರೆದಿದ್ದಳು, ಹಾಗಾಗಿ ಪೊರೆ ಮಂಜೂರಾಗಿರಲಿಲ್ಲ. ಸ್ವಾಮಿ, ತೆರೆಯುವ ಮೊದಲೇ ಒಳಗಿರುವುದನ್ನೆಲ್ಲ ಹೇಳಲು ಆಕೆ ಡಾಕ್ಟರೋ, ಕಣಿ ಹೇಳುವವಳೋ?

ಸಿಸ್ಟರ್ ಓಡಿಹೋಗಿ ಏದುಸಿರು ಬಿಡುತ್ತಾ ಬಂದಳು. “ಸಾಹೇಬ್ರು ಮೀಟಿಂಗಲ್ಲಿದ್ದಾರೆ. ಸಹಿ ಇಲ್ದೆ ಸ್ಟೋರಿನವರು ಕೊಡಲ್ವಂತೆ.”

“ಒಸಡು ಬಿಡಿಸಿಟ್ಕೊಂಡು ಕೂತಿದ್ದೀನಿ ಅಂತ ಹೇಳಿದ್ರಾ?” ಎಂದಳು ಡಾಕ್ಟರಮ್ಮ.

“ಹೇಳ್ದೆ ಮೇಡಂ. ಹೊಲಿದು ಕಳಿಸಿ, ಹೊಸ ಅರ್ಜಿ ಹಾಕಿ ಅಂದ್ರು.”

ನನಗೂ ಒಂದೆರಡು ಮಾತು ಹೇಳುವುದಿತ್ತು. ಬಾಯಲ್ಲಿ ಹತ್ತಿ, ಕೊಳವೆ, ನಾಲ್ಕು ಕೈ! ಮದುವೆಯಾದ ಮೇಲೆ ನಾನು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು. ಹೊರಗೆ ಕೂತಿದ್ದ ಯಜಮಾನರು ಗಾಬರಿಯಾಗಿ ಬಾಗಿಲು ತಟ್ಟಿದರು. “ಏನೂ ಸದ್ದಿಲ್ವಲ್ಲ, ಇವಳು ಇದ್ದಾಳೇನಮ್ಮ?”

ಪುಡಿಯೂ ಪೊರೆಯೂ ಇಲ್ಲದೆಯೇ ಹೊಲಿದರು. ಮೊನ್ನೆಯ ಎಕ್ಸ್‌ರೇಯಲ್ಲಿ ತೂತಿನ ಕಪ್ಪು ಕಲೆ ಹಾಗೇ ಇದೆ, ಹಲ್ಲು ಅಲುಗಾಡುತ್ತಿದೆ. “ಇನ್ನೊಂದ್ಸಲ ಬಿಡಿಸಿ ಪೊರೆ ಹಾಕಿದ್ರೆ ಉಳಿಯಬಹುದು ಅಜ್ಜಿ. ಮಾತು ಮಾತ್ರ ಕೊಡಲ್ಲ,” ಅಂದಳು ಡಾಕ್ಟರಮ್ಮ. ಹಾಗೆ ಹೇಳುವವರನ್ನೇ ನಾನು ನಂಬುವುದು. ಅರ್ಜಿ ಹಾಕಿದೆವು. ನಿಮ್ಮ ಕೆಂಪು ಶಾಯಿ ಬಳಿದುಕೊಂಡು ಅದು ವಾಪಸು ಬಂತು: ‘ಹಿಂದಿನ ಅರ್ಜಿಯಲ್ಲಿ ತೂತು ಚಿಕ್ಕದು ಎಂದಿದೆ. ಈಗ ದೊಡ್ಡದಾದದ್ದು ಹೇಗೆ? ವಿವರಣೆ ನೀಡಿ.’

ನೀಡಿದ್ದೇನೆ. ಊರೆಲ್ಲ ಓದಲಿ ಅಂತ ಪೇಪರಿನಲ್ಲೇ ನೀಡಿದ್ದೇನೆ.

ಬುಧವಾರ ಬೆಳಿಗ್ಗೆ ಹತ್ತಕ್ಕೆ ನನ್ನ ಸರದಿ. ಅಂದು ಪುಡಿಯೂ ಪೊರೆಯೂ ಡಾಕ್ಟರಮ್ಮನ ಕೈಗೆಟುಕುವಲ್ಲಿ ಇರಬೇಕು. ಇನ್ನು ಮುಂದೆ ಯಾರ ಬಾಯಿಗೇ ಆಗಲಿ, ಚಿಕಿತ್ಸೆ ಮೊದಲು, ಸಹಿ ಆಮೇಲೆ ಎಂದು ಆ ಸುತ್ತೋಲೆಯನ್ನು ತಿದ್ದಬೇಕು. ಅಷ್ಟು ನಂಬಿಕೆ ಬರದಿದ್ದರೆ ನೀವೇ ಬಂದು ನನ್ನ ತಲೆಯ ಹತ್ತಿರ ನಿಂತುಕೊಳ್ಳಿ. ಒಸಡು ಬಿಡಿಸಿದ ಕೂಡಲೇ ಬಗ್ಗಿ ನೋಡಿ, ಅಳೆದುಕೊಳ್ಳಿ, ಅಲ್ಲೇ ಸಹಿ ಹಾಕಿ. ಬರುವಾಗ ಪೆನ್ನು ಮರೆಯಬೇಡಿ.

ಇಂತಿ,
ಬುಧವಾರದವರೆಗಾದರೂ ಸ್ವಂತ ಹಲ್ಲಿನಲ್ಲೇ ನಗುತ್ತಿರುವ,
ನಿಮ್ಮ ಕಡತದೊಳಗಿನ ಮುದುಕಿ