ಬಾಯಿ ಬಿಡಬ್ಯಾಡ ಅಂದಳು ಅವ್ವ

ಶಿರಗುಪ್ಪಿ
೧೪ ನವೆಂಬರ್ ೨೦೨೪, ಗುರುವಾರ

ಕೊಗನೊಳ್ಳಿಯಲ್ಲಿ ಕುಳಿತು ಮುಂಗಡವಾಗಿಯೇ ಅಳುತ್ತಿರುವ ಬ್ರಾಹ್ಮಿ ಅಕ್ಕನವರ ಪಾದಕಮಲಗಳಿಗೆ, ಮನೆಯ ಕಡೆಹುಟ್ಟು ಸಮ್ಮೇದನ ಜಯ ಜಿನೇಂದ್ರ.

ಮೊದಲು ಕಣ್ಣೊರೆಸಿಕೋ. ಆಮೇಲೆ ಬಾಗಿಲು ಹಾಕಿಕೋ. ಈ ಕಾಗದ ನಿನ್ನ ಯಜಮಾನರ ಕೈಗೆ ಸಿಗಬಾರದು. ವೃಷಭ ಮಾಮಾನ ಹೊಟ್ಟೆಯಲ್ಲಿ ಊಟ ನಿಲ್ಲುತ್ತದೆ, ಮಾತು ನಿಲ್ಲುವುದಿಲ್ಲ.

ಫೋನು ಬಿಟ್ಟು ಕಾಗದ ಯಾಕೆ ಎನ್ನುತ್ತೀಯಾ? ಅವ್ವ ಮೊನ್ನೆ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. "ಯಾರ ಮುಂದನೂ ಬಾಯಿ ಬಿಡಬ್ಯಾಡ" ಎಂದಿದ್ದಾಳೆ. ಬಿಟ್ಟಿಲ್ಲ. ಈಗಲೂ ತುಟಿ ಬಿಗಿಹಿಡಿದೇ ಬರೆಯುತ್ತಿದ್ದೇನೆ. ಕೈಯ ವಿಷಯ ಆಕೆ ಎತ್ತಲಿಲ್ಲ. ಆದ್ದರಿಂದ ಆಣೆ ಮುರಿದಿಲ್ಲ, ಸ್ವಲ್ಪ ಬಗ್ಗಿದೆ ಅಷ್ಟೆ.

ನೀನು ಮಿರಜಿಗೆ ಬಂದಿರಲಿಲ್ಲ. ಅಲ್ಲಿ ನಡೆದದ್ದನ್ನು ಕಾಕಾಸಾಹೇಬ ಕಾಕಾ ನಿನಗೆ ಹೇಳಿದ್ದಾನೆ, ಅಂದರೆ ನಿನಗೆ ಏನೂ ಗೊತ್ತಿಲ್ಲ. ದವಾಖಾನೆಯಲ್ಲಿ ಡಾಕ್ಟರ್ ಬಾಯಿ ರಿಪೋರ್ಟುಗಳನ್ನು ಹರವಿಕೊಂಡು ಮರಾಠಿ ಇಂಗ್ಲಿಷ್ ಕಲಸಿ ಒಂದೇ ಉಸಿರಿನಲ್ಲಿ ತಿಳಿಸಿ ಹೇಳಿದರು. ಕಾಕಾ ಪ್ರತಿ ಮಾತಿಗೂ "ಹೋ, ಹೋ" ಎನ್ನುತ್ತ, ಸೊಸೈಟಿ ಮೀಟಿಂಗಿನಲ್ಲಿ ಠರಾವು ಪಾಸು ಮಾಡುವ ಹಾಗೆ ತಲೆಯಾಡಿಸಿದ. ಅವ್ವ ಮೊದಮೊದಲು ಕಿವಿಗೊಟ್ಟು ಕೇಳುತ್ತಿದ್ದಳು. ನಡುವೆ ಎಲ್ಲಿಯೋ ಮುಖ ಕಲ್ಲಾಯಿತು. ಹೊರಗೆ ಬಂದಾಗ ಆಹಾರದ ಬಗ್ಗೆ ಹೇಳುವ ಸಿಸ್ಟರು "ಅಂಡಿ ಖಾತಾ ಕಾ?" ಎಂದು ಮೊಟ್ಟೆಯ ಮಾತು ಎತ್ತಿದ್ದೇ ತಡ, ಸೆರಗು ಬಿಗಿದುಕೊಂಡು ಗಾಡಿಯ ಕಡೆ ನಡೆದೇಬಿಟ್ಟಳು. ಬೆನ್ನು ನೋಯುವವರು ಅಷ್ಟು ಜೋರಾಗಿ ನಡೆದದ್ದನ್ನು ನಾನು ಕಂಡಿಲ್ಲ.

ಗಾಡಿಯಲ್ಲಿ ಒಂದೇ ಮಾತು: "ಧರ್ಮಾ ಕೆಡಿಸಿಕೊಂಡು ಬದಕೂದು ನನಗ ಬ್ಯಾಡ. ಆ ಉಪಚಾರ ಬ್ಯಾಡಂದ್ರ ಬ್ಯಾಡ."

ಅಷ್ಟು ಸಾಕಾಯಿತು ಕಾಕಾನಿಗೆ. ಊರು ಮುಟ್ಟುವುದರೊಳಗೆ ತನ್ನ ಅತ್ತಿಗೆಯನ್ನು, ನಮ್ಮ ಅವ್ವನನ್ನು, ಸಾಧ್ವಿ ಮಾಡಿ ಕೂರಿಸಿದ. "ವೈನಿ ತಯಾರ ಆಗ್ಯಾರ. ದೇಹದ ಮೋಹ ಬಿಟ್ಟಾರ. ನಾವು ನಡಬರಕ ಹೋದ್ರ ಪಾಪ ಸುತಗೋತೈತಿ" ಎಂದು ಕಣ್ಣು ತುಂಬಿಕೊಂಡ. ಮರುದಿನದಿಂದ ಶುರುವಾಯಿತು ನೋಡು ದರ್ಶನ. ಗೌರಾಬಾಯಿ ಅತ್ತಿ ಬಂದು ಅವ್ವನ ಪಾದಕ್ಕೆ ಹಣೆ ಹಚ್ಚಿದಳು. ಅತ್ತಿಯ ಮಗ ನಿಲೇಶ ಪಪ್ಪಾಯಿ ಎಲೆಯ ರಸ ತಂದ, ಅದು ಡೆಂಗಿಗೋ ಕ್ಯಾನ್ಸರಿಗೋ ಎಂದು ಅವನಿಗೇ ಗೊತ್ತಿರಲಿಲ್ಲ. ಬಂದವರೆಲ್ಲ ಪಿಸುಮಾತಿನಲ್ಲಿ ಆಡಿ, ದೊಡ್ಡ ದನಿಯಲ್ಲಿ ಚಹಾ ಕುಡಿದು ಹೋದರು. ಅವ್ವನಿಗೆ ಅಡ್ಡಾಗಿ ಬೆನ್ನು ಚಾಚಲೂ ಬಿಡಲಿಲ್ಲ. ಮಲಗಿರುವವರ ಕಾಲಿಗೆ ಬೀಳಬಾರದಂತೆ!

ಮತ್ತು ನೀನು! ನಿನ್ನ ಮೇಲೆ ನನಗೆ ಎಲ್ಲರಿಗಿಂತ ಹೆಚ್ಚು ಸಿಟ್ಟಿದೆ. ಫೋನಿನಲ್ಲಿ ಬಿಕ್ಕುತ್ತ "ಅವ್ವನ ಇಚ್ಛಾ ಹೆಂಗೈತಿ ಹಂಗ ಆಗಲಿ" ಎಂದೆಯಲ್ಲ, ಆ ಇಚ್ಛೆ ಏನೆಂದು ಆಕೆಯನ್ನು ಕೇಳಿದ್ದೆಯಾ? ನಾನೂ ಕೇಳಿರಲಿಲ್ಲ ಎನ್ನು. ಯಾರೂ ಕೇಳಲಿಲ್ಲ. ಪೂಜೆ ಮಾಡುವವರಿಗೆ ಪುರಸೊತ್ತು ಎಲ್ಲಿರುತ್ತದೆ?

ಈಗ ಗಟ್ಟಿಯಾಗಿ ಏನನ್ನಾದರೂ ಹಿಡಿದುಕೋ.

ಮಂಗಳವಾರ ಬೆಳಿಗ್ಗೆ ಅವ್ವ ಹಿತ್ತಲಿನ ಬಿಸಿಲಲ್ಲಿ ಕುಳಿತು ಸೋಯಾಬೀನ್ ಹಸನು ಮಾಡುತ್ತಿದ್ದಳು. ಮೊರದಿಂದ ತಲೆ ಎತ್ತದೆ ಕೇಳಿದಳು: "ಸಮ್ಮೂ, ಸೋಯಾಬೀನದ್ದು ನಡೀತೈತೇನು ಕೇಳಿ ನೋಡಲೇ, ಆ ಡಾಕ್ಟರ್ ಬಾಯಿಗೆ."

"ಏನು ಸೋಯಾಬೀನದ್ದು?"

"ಅದ."

"ಅದ ಅಂದ್ರ ಯಾವದು, ಬೇ?"

ಆಕೆ ಹಿಂದೆ ಮುಂದೆ ನೋಡಿದಳು. ಸೆರಗು ಬಾಯಿಗೆ ಅಡ್ಡ ಹಿಡಿದಳು. ನಾನು ಹುಟ್ಟಿದಾಗಿನಿಂದ ನಮ್ಮ ಮನೆಯಲ್ಲಿ ಯಾರ ನಾಲಿಗೆಯ ಮೇಲೂ ಬಾರದ ಶಬ್ದ ಆಕೆಯ ಬಾಯಿಂದ ಹೊರಬಿತ್ತು: "ಖಿಮಾ."

ಆಕೆ ತಡವರಿಸಿ ಹೇಳಿದಳು: "ನಿಲೇಶ ಹೇಳತಿದ್ದ, ಯಾವದೋ ಮದವ್ಯಾಗ ಸೋಯಾಬೀನದ್ದು ಮಾಡಿದ್ರಂತ, ಥೇಟ ಹಂಗ ಇರತೈತಂತ. ಅದರಾಗ ಔಷಧ ಕಲಸಿ ಕೊಟ್ರ ತಿಂತೀನಿ. ಮೂಗ ಹಿಡಕೊಂಡ ತಿಂತೀನಿ. ಖರೇದ್ದು ಮಾತ್ರ ನನ್ನ ಕೈಲಿ ಆಗಾಂಗಿಲ್ಲೋ."

ತಿಳಿಯಿತೇ, ಅಕ್ಕ? ಡಾಕ್ಟರ್ ಬಾಯಿ ಕೀಮೋ ಎಂದರು. "ಕೀಮೋ ದ್ಯಾವಾ ಲಾಗೇಲ." ಅವ್ವನ ಕಿವಿಗೆ ಖಿಮಾ ಬಿತ್ತು, ಕೊಚ್ಚಿದ ಮಾಂಸ ಕೊಡಬೇಕಾಗುತ್ತದೆ ಎಂದು! ಉಳಿದವರೂ ಅದನ್ನೇ ಕೇಳಿಸಿಕೊಂಡು, ನಾಚಿಕೆಗೆ ಆ ಶಬ್ದ ಎತ್ತುತ್ತಿಲ್ಲ ಎಂದುಕೊಂಡಿದ್ದಳು ಪಾಪ.

ನಾನು ನಕ್ಕೆ. ನಗದೆ ಇರಲು ನಾನೇನು ಮುನಿಯೇ? ಆಕೆ ಮೊರ ಎತ್ತಿ ನನಗೇ ಬೀಸಿದಳು. "ನಗಬ್ಯಾಡಲೇ ಭಾಡ್ಯಾ! ಮೊದಲ ಎಲುಬು ಅಂದ್ರು. ಆಮ್ಯಾಗ ಮಗಜ ಅಂದ್ರು. ಖಿಮಾ ದ್ಯಾವಾ ಲಾಗೇಲ ಅಂದ್ರು. ಹೊರಗ ಬಂದ್ರ ಇನ್ನೊಬ್ಬಾಕಿ ತತ್ತಿ ತಿಂತೀರೇನು ಅಂದ್ಲು. ದವಾಖಾನಿ ಐತೋ ಖಾನಾವಳಿ ಐತೋ ನೀನ ಹೇಳು!"

ನಗು ಅರ್ಧಕ್ಕೇ ನಿಂತಿತು. ಕಾಕಾ ಯಾರಿಗೆ ದೇಹದ ಮೋಹ ಹೋಗಿದೆ ಎಂದು ಸಾರಿದನೋ ಆಕೆ ಅಷ್ಟು ದಿನ ಒಬ್ಬಳೇ ಕುಳಿತು, ಧರ್ಮವೂ ಉಳಿದು ಜೀವವೂ ಉಳಿಯುವ ಉಪಾಯ ಹುಡುಕುತ್ತಿದ್ದಳು. ಸಾಯಲು ಹೊರಟವಳು ಸೋಯಾಬೀನಿನ ಲೆಕ್ಕ ಹಾಕುತ್ತಾಳೆಯೇ, ಅಕ್ಕ?

ಆಮೇಲೆ ಪಕ್ಕದಲ್ಲೇ ಕುಳಿತು, ಡಾಕ್ಟರ್ ಬಾಯಿ ಹೇಳಿದ್ದನ್ನೆಲ್ಲ ನಮ್ಮ ಭಾಷೆಯಲ್ಲಿ ಹೇಳಿದೆ. ನೀನೂ ತಿಳಿದುಕೋ. ಅವ್ವನದು ಮೈಲೋಮಾ ಎಂಬ ರಕ್ತದ ಕ್ಯಾನ್ಸರು, ಎಲುಬಿನೊಳಗಿನ ಮಜ್ಜೆಯಲ್ಲಿ (ಅವ್ವ ಕೇಳಿಸಿಕೊಂಡ ಮಗಜ ಇದೇ) ಹುಟ್ಟುವಂಥದ್ದು. ಬೆನ್ನು ನೋಯುವುದೂ ರಕ್ತ ಕಡಿಮೆಯಾಗಿರುವುದೂ ಅದರಿಂದಲೇ. ಬೇರುಸಹಿತ ಕೀಳುವುದು ಕಷ್ಟ, ಆದರೆ ಔಷಧಕ್ಕೆ ಬಗ್ಗಿದರೆ ವರ್ಷಗಟ್ಟಲೆ ಹದ್ದುಬಸ್ತಿನಲ್ಲಿ ಇಡಬಹುದಂತೆ. ಕೀಮೋ ಎಂದರೆ ಆ ಔಷಧವೇ: ವಾರಕ್ಕೊಮ್ಮೆ ಹೊಟ್ಟೆಯ ಚರ್ಮದ ಕೆಳಗೆ ಸೂಜಿ, ಮನೆಯಲ್ಲಿ ಮಾತ್ರೆ. ಸೂಜಿ ಮಾಡಿಸಿಕೊಂಡು ಅದೇ ದಿನ ಮನೆಗೆ ಬರಬಹುದು. ಕಾಲು ಜೋಮು ಹಿಡಿಯಬಹುದು, ಸುಸ್ತಾಗಬಹುದು, ಜ್ವರ ಬಂದರೆ ತಡಮಾಡದೆ ಓಡಬೇಕು. ಕೆಲವು ತಿಂಗಳ ನಂತರ ಕಿಡ್ನಿ, ಹೃದಯ ಗಟ್ಟಿ ಇದ್ದರೆ ಆಕೆಯದೇ ರಕ್ತದಿಂದ ಮೂಲಕೋಶ (ಸ್ಟೆಮ್ ಸೆಲ್) ತೆಗೆದಿಟ್ಟು, ಜೋರು ಔಷಧ ಕೊಟ್ಟು, ಅವನ್ನು ತಿರುಗಿ ಹಾಕುತ್ತಾರೆ. ಅದಕ್ಕೆ ವಾರಗಟ್ಟಲೆ ದವಾಖಾನೆಯಲ್ಲಿ ಇರಬೇಕು, ಅಪಾಯವೂ ಉಂಟು, ಅರವತ್ತಾರರ ವಯಸ್ಸಿಗೆ ಯೋಚಿಸಿ ಮಾಡಬೇಕಾದದ್ದು. ಇದ್ಯಾವುದೂ ಬೇಡವೆಂದರೆ ರೋಗದ ತಂಟೆಗೆ ಹೋಗದೆ ನೋವಿಗೆ ಮದ್ದು, ಬೇಕಾದಾಗ ರಕ್ತ ಕೊಟ್ಟು ಸುಖವಾಗಿ ಇಡುವುದು. ಅದೂ ಉಪಚಾರವೇ, ನಾಚಿಕೆಯ ಮಾತಲ್ಲ ಎಂದು ಡಾಕ್ಟರ್ ಬಾಯಿ ಸ್ಪಷ್ಟವಾಗಿ ಹೇಳಿದ್ದರು. ಆರಿಸಬೇಕಾದವಳು ಪೇಶಂಟು ಎಂದೂ ಹೇಳಿದ್ದರು. ಆಗಲೂ ಕಾಕಾ "ಹೋ" ಎಂದಿದ್ದ.

ಅವ್ವ ಎಲ್ಲ ಕೇಳಿ ತೀರ್ಪು ಕೊಟ್ಟಳು: "ಸೂಜಿ ನಡೀತೈತಿ. ನಡುವಿಂದು ಆಮ್ಯಾಗ ನೋಡೂಣ. ಕಡೀದು ಸದ್ಯಾ ನಿಮ್ಮ ಕಾಕಾಗ ಇರಲಿ." ಕಾಲು ಜೋಮು ಹಿಡಿಯುತ್ತದಲ್ಲ ಎಂದೆ. "ಈಗೇನು ಕುಣ್ಯಾಕತ್ತೀನೇನು?" ಎಂದಳು.

ಆದ್ದರಿಂದ ರವಿವಾರ ಕಡೆಯ ಆಶೀರ್ವಾದಕ್ಕೆಂದು ಮಕ್ಕಳುಮರಿ ಕಟ್ಟಿಕೊಂಡು ಬರುವ ಸಂಭ್ರಮ ರದ್ದು. ಬದಲಿಗೆ ಬರುವ ಮಂಗಳವಾರ ಮೊದಲ ಸೂಜಿಗೆ ಮಿರಜಿಗೆ ಬಾ. ಅವ್ವನಿಗೆ ಒಂದು ಸಂಶಯ ಉಳಿದಿದೆ: ಹೊತ್ತು ಮುಳುಗಿದ ಮೇಲೆ ಆಕೆ ನೀರನ್ನೂ ಮುಟ್ಟುವುದಿಲ್ಲ, ರಾತ್ರಿಯ ಮಾತ್ರೆಯನ್ನು ದಿನಾ ಹಗಲಿನ ಒಂದೇ ಹೊತ್ತಿಗೆ ನುಂಗಬಹುದೇ? ಇದನ್ನು ಕೇಳಲು ನೀನೇ ಬೇಕು. ನಾನು ಕೇಳಿದರೆ ಚೇಷ್ಟೆ ಎಂದುಕೊಳ್ಳುತ್ತಾರೆ.

ಕಾಕಾನ ಚಿಂತೆ ಬಿಡು. ನಿಮ್ಮ ವೈನಿ ಕರ್ಮ ಸವೆಸಲು ಸೂಜಿಯ ಕಷ್ಟ ಸಹಿಸಲು ನಿಶ್ಚಯಿಸಿದ್ದಾರೆ ಎಂದು ಕೈಮುಗಿದು ಹೇಳಿದೆ. ಅದಕ್ಕೂ ಕಣ್ಣು ತುಂಬಿಕೊಂಡ.

ಖಿಮಾದ ವಿಷಯ ನಿನ್ನ ಹೊಟ್ಟೆಯಲ್ಲೇ ಇರಲಿ. (ಈ ವಾಕ್ಯವನ್ನು ನಮ್ಮ ಕುಲದಲ್ಲಿ ಯಾರೂ ಈವರೆಗೆ ಬರೆದಿರಲಾರರು.)

ಇಂತಿ, ನಿನ್ನ ಸಿಟ್ಟಿಗೂ ಪ್ರೀತಿಗೂ ಸದಾ ಪಾತ್ರನಾದ,
ಸಮ್ಮೇದ

ಮರೆತಿದ್ದೆ: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಕೈಯ ವಿಷಯ ಆಕೆ ಎತ್ತಲಿಲ್ಲ ಎಂದೆನಲ್ಲ, ಎತ್ತಿದ್ದಳು. ಆಣೆ ಹಾಕಿಸಿಕೊಂಡು ಮತ್ತೆ ಮೊರ ಹಿಡಿದಳು. ಸ್ವಲ್ಪ ಹೊತ್ತು ಕಾಳು ಆರಿಸಿ, ನನ್ನ ಕಡೆ ನೋಡದೆಯೇ ಅಂದಳು: "ಕೈನೂ ಬಿಡಬ್ಯಾಡಲೇ, ಸಮ್ಮೂ." ಒಂದು ಕೈ ನಾನು ಹಿಡಿದುಕೊಂಡೆ. ಮಂಗಳವಾರ ತಪ್ಪಿಸಬೇಡ, ಅಕ್ಕ. ಆಕೆಗೆ ಎರಡು ಕೈಗಳಿವೆ.